ಔಷಧಿ ಚೀಟಿಯಲ್ಲಿ ನಡಿಗೆ

ಕೇಳುಗರಿಗೆ ಶರಣು.

ಖಿನ್ನತೆಗೆ ವ್ಯಾಯಾಮದ ಚಿಕಿತ್ಸೆ ಎಂಬ ವಿಷಯ ಕೊಟ್ಟು ಐದು ನಿಮಿಷ ಮಾತನಾಡಿ ಎಂದು ರೇಡಿಯೊದವರು ಹೇಳಿದ್ದಾರೆ. ಐದು ನಿಮಿಷಕ್ಕೆ ಒಂದೇ ಮಾತು ಹಿಡಿಸುತ್ತದೆ. ಖಿನ್ನತೆ ಇರುವವರಿಗೆ ನಡಿಗೆಯನ್ನು ಬುದ್ಧಿಮಾತಾಗಿ ಹೇಳಬೇಡಿ, ಔಷಧಿಯಂತೆ ಕೊಡಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾರ ಜೊತೆ ಎಂದು ಬರೆದು ಕೊಡಿ.

"ಸ್ವಲ್ಪ ಎದ್ದು ಓಡಾಡು, ಎಲ್ಲ ಸರಿಹೋಗುತ್ತದೆ" ಎನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಹೇಳಿದ ಮೇಲೆ ಅವರು ಟಿ.ವಿ. ಮುಂದೆ ಕೂರುತ್ತಾರೆ. ಏಳುವ ಮನಸ್ಸನ್ನೇ ಕಸಿದುಕೊಳ್ಳುವ ಕಾಯಿಲೆ ಇದು. ಏಳು ಎಂದೊಡನೆ ಏಳುವ ಹಾಗಿದ್ದರೆ ರೋಗಿಗಳು ನಮ್ಮಂಥ ವೈದ್ಯರ ಬಳಿ ಯಾಕೆ ಬರುತ್ತಿದ್ದರು?

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಸಂಗಡಿಗರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 50 ವರ್ಷ ದಾಟಿದ 156 ರೋಗಿಗಳು. ಒಂದು ಗುಂಪಿಗೆ ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಮಾತ್ರೆ, ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ಎರಡೂ. ಮಾತ್ರೆ ಬೇಗ ಗುಣ ತೋರಿಸಿತು. ಆದರೆ 16 ವಾರ ಕಳೆಯುವಷ್ಟರಲ್ಲಿ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಚೇತರಿಸಿದ್ದರು. ಆ ವ್ಯಾಯಾಮ ಹೇಗಿತ್ತು ಎಂಬುದನ್ನು ಗಮನಿಸಿ. ವಾರಕ್ಕೆ ಮೂರು ಸಲ, ಗೊತ್ತುಪಡಿಸಿದ ಹೊತ್ತಿಗೆ, ಗುಂಪಿನಲ್ಲಿ, ನೋಡಿಕೊಳ್ಳುವವರ ಎದುರಿಗೆ. ಅಂದರೆ ಬರೆದು ಕೊಟ್ಟ ಔಷಧಿ.

ಇಲ್ಲಿ ನಮ್ಮ ಕಲಬುರಗಿಯದೇ ಒಂದು ಸಂಗತಿ ಹೇಳಲೇಬೇಕು. ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ಹಿರಿಯರೊಬ್ಬರು ಬಂದಿದ್ದರು. ನಿದ್ದೆಯಿಲ್ಲ, ರೊಟ್ಟಿ ಸೇರುತ್ತಿಲ್ಲ, ಯಾರೊಂದಿಗೂ ಮಾತಿಲ್ಲ. ಮಾತ್ರೆಯ ಹೆಸರಿನ ಕೆಳಗೆ ನಾನು "ನಡಿಗೆ, 30 ನಿಮಿಷ, ಸೋಮ, ಬುಧ, ಶುಕ್ರ, ಬೆಳಿಗ್ಗೆ ಐದೂವರೆ" ಎಂದು ಬರೆದೆ. "ಫೀಸು ತೆಗೆದುಕೊಂಡು ನಡೆಯಲು ಬರೆದಿದ್ದಾರೆ" ಎಂದು ಅವರ ಮನೆಯವರು ಹೊರಗೆ ಗೊಣಗಿದ್ದು ನನಗೂ ಕೇಳಿಸಿತು. ಇವರು ಚೀಟಿಯನ್ನು ನೇರವಾಗಿ ಔಷಧಿ ಅಂಗಡಿಯವನ ಕೈಗಿತ್ತರು. ಅವನು ಮಾತ್ರೆ ಕೊಟ್ಟು, ಕೆಳಗಿನ ಸಾಲು ಓದಿ, "ಕಾಕಾ, ಈ ಮಾಲು ನಮ್ಮಲ್ಲಿಲ್ಲ, ಅಪ್ಪನ ಕೆರೆಯ ದಂಡೆಯಲ್ಲಿ ಸಿಗುತ್ತದೆ, ನನಗೂ ಬೇಕಾಗಿದೆ" ಎಂದನಂತೆ. ಅವನಿಗೆ ಸಕ್ಕರೆ ಕಾಯಿಲೆ. ಸೋಮವಾರ ನಸುಕಿಗೆ ಸ್ಕೂಟರ್ ತಂದು ಇವರ ಬಾಗಿಲಲ್ಲಿ ಹಾರ್ನ್ ಹೊಡೆದ. ಬುಧವಾರ ಇವರು ಹೊದಿಕೆ ಎಳೆದುಕೊಂಡು ಮಲಗಿದರು; ಅವನು ಒಳಗೇ ಬಂದು ಚಹಾ ಕುಡಿಯುತ್ತಾ ಕುಳಿತ. ಏಳದೆ ಗತಿಯಿರಲಿಲ್ಲ. ಮುಂದಿನ ಸಲ ಬಂದಾಗ ಹಿರಿಯರು ಜೇಬಿನಿಂದ ಸಣ್ಣ ಕಿರ್ದಿ ಪುಸ್ತಕ ತೆಗೆದರು. ನಡೆದ ದಿನ ಜಮಾ, ತಪ್ಪಿದ ದಿನ ಖರ್ಚು. ಬಾಕಿಯನ್ನೂ ಎಳೆದಿದ್ದರು! ಅಷ್ಟು ಚೊಕ್ಕ ವರದಿಯನ್ನು ನನ್ನ ವಿದ್ಯಾರ್ಥಿಗಳೂ ಬರೆಯುವುದಿಲ್ಲ.

ಗಾಜಿನಾಚೆಯಿಂದ ಕೈ ಬೀಸುತ್ತಿದ್ದಾರೆ, ಬೇಗ ಹೇಳುತ್ತೇನೆ. 2024ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ 218 ಅಧ್ಯಯನಗಳನ್ನು, 14 ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದ ವರದಿ ಬಂತು. ನಡಿಗೆ ಮತ್ತು ನಿಧಾನ ಓಟ, ಯೋಗ, ಭಾರ ಎತ್ತುವುದು ಚೆನ್ನಾಗಿ ಕೆಲಸ ಮಾಡುತ್ತವೆ. ಬೆವರು ಹೆಚ್ಚಿದಷ್ಟು ಗುಣವೂ ಹೆಚ್ಚು.

"ದಿನವಿಡೀ ತೊಗರಿ ಹೊಲದಲ್ಲಿ ಬಗ್ಗಿರುತ್ತೇನೆ, ಇನ್ನೇನು ವ್ಯಾಯಾಮ?" ಎಂದು ಆಳಂದ, ಸೇಡಂ ಕಡೆಯ ತಾಯಂದಿರು ಕೇಳುತ್ತಾರೆ. ತಾಯಿ, ಅದು ದುಡಿಮೆ. ಬಿಡುವಿನಲ್ಲಿ ತನಗಾಗಿ ಮಾಡುವ ಚಟುವಟಿಕೆಯಿಂದ ಮನಸ್ಸಿಗೆ ಸಿಗುವ ಲಾಭ ಕೂಲಿ ದುಡಿಮೆಯಿಂದ ಸಿಗುವುದಿಲ್ಲ. ಸಂಜೆ ನೆರೆಮನೆಯವರೊಡನೆ ಗುಡಿಯವರೆಗೆ ಹೋಗಿ ಬನ್ನಿ. ವಾರ, ಹೊತ್ತು ಗೊತ್ತುಮಾಡಿಕೊಂಡೇ ಹೋಗಿ.

ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಮನೆ ಸೇರಿರಬೇಕು. ಮಾತ್ರೆ ತೆಗೆದುಕೊಳ್ಳುತ್ತಿರುವವರು ನನ್ನ ಭಾಷಣ ಕೇಳಿ ಬಿಟ್ಟುಬಿಡಬೇಡಿ. ಬಿಡಿಸುವುದು ವೈದ್ಯರ ಕೆಲಸ. ಸಾಯುವ ಯೋಚನೆ ಬರುತ್ತಿದ್ದರೆ ನಡಿಗೆಗೆ ಕಾಯದೆ ಈಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಪೆನ್ನು ತೆಗೆದುಕೊಂಡಿರಾ? 14416.