ಮೊದಲ ಸಿಡಿತಕ್ಕೆ ಮುಂಚೆ ಹಗ್ಗ ಇಳಿಸಿ

ಗೆಳೆಯರೇ,

ಅಧ್ಯಕ್ಷರು ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಪೀಠಿಕೆ ಬಿಟ್ಟು ನೇರವಾಗಿ ಬಾವಿಗೇ ಇಳಿಯುತ್ತೇನೆ.

ಕಲ್ಲು ಕ್ವಾರಿ ಬಂದ ಮೇಲೆ ಬಾವಿ ಬತ್ತಿತು ಎನ್ನುತ್ತದೆ ಊರು. ಮಳೆ ಕಡಿಮೆಯಾಗಿದೆ, ಕೊಳವೆಬಾವಿಗಳು ಹೆಚ್ಚಿವೆ ಎನ್ನುತ್ತಾನೆ ಗುತ್ತಿಗೆದಾರ. ಎರಡೂ ನಿಜವಿರಬಹುದು. ಆದರೆ ಕ್ವಾರಿ ಬರುವ ಮುಂಚೆ ನೀರು ಎಷ್ಟು ಅಡಿ ಆಳದಲ್ಲಿತ್ತು ಎಂದು ಕೇಳಿ ನೋಡಿ, ಎಲ್ಲರೂ ಚಾವಣಿ ನೋಡುತ್ತಾರೆ. ಊರು ಸೋಲುವುದು ಅಲ್ಲಿಯೇ. ಅಳತೆಯಿಲ್ಲದ ದೂರು ಕಚೇರಿಯ ಕಿವಿಗೆ ಬರೀ ಗೊಣಗಾಟ.

ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದ ದಿನವೇ ಅದೊಂದು ದೈತ್ಯ ಬಾವಿ. ಕಲ್ಲು ತೆಗೆಯಲು ತಳ ಒಣಗಿರಬೇಕು, ಅದಕ್ಕೆ ಹಗಲಿರುಳು ಪಂಪ್ ಓಡಬೇಕು. ಆಗ ಸುತ್ತಲಿನ ನೀರಿನ ಮಟ್ಟ ಆಲಿಕೆಯಂತೆ ಗುಂಡಿಯತ್ತ ಇಳಿಯುತ್ತದೆ. ಗ್ರಾನೈಟಿನಲ್ಲಿ ಆ ಆಲಿಕೆ ದುಂಡಗೂ ಇರುವುದಿಲ್ಲ. ಅಲ್ಲಿ ನೀರಿನ ಓಡಾಟವೆಲ್ಲ ಬಿರುಕುಗಳಲ್ಲಿ. ಪಕ್ಕದ ಬಾವಿ ತುಂಬಿಯೇ ಇದ್ದು, ಬಿರುಕಿನ ಜಾಡಿನಲ್ಲಿರುವ ದೂರದ ಬಾವಿ ಒಣಗಬಹುದು. ನಕ್ಷೆಯ ಮೇಲೆ ಕೈವಾರದಿಂದ ಸುತ್ತು ಬರೆದು ‘ಇದರಾಚೆ ತೊಂದರೆಯಿಲ್ಲ’ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ನೀರಿಗೆ ಕೈವಾರ ಗೊತ್ತಿಲ್ಲ.

ಸುಣ್ಣಕಲ್ಲಿನ ನೆಲದಲ್ಲಂತೂ ಕೇಳಲೇಬೇಡಿ. ಜರ್ಮನಿಯ ಇಮ್ಮೆಂಡಿಂಗೆನ್ ಬಳಿ ಡ್ಯಾನ್ಯೂಬ್ ನದಿ ನೆಲದೊಳಕ್ಕೆ ಇಂಗಿಹೋಗುತ್ತದೆ. ಸುಮಾರು 12 ಕಿಲೋಮೀಟರ್ ದಕ್ಷಿಣಕ್ಕೆ ಆಖ್ ಎಂಬ ದೊಡ್ಡ ಬುಗ್ಗೆ. ನದಿಯ ಕಡೆಯವರಿಗೆ ಇಂಗುವ ಬಾಯಿಗಳನ್ನು ಮುಚ್ಚುವ ಆಸೆ, ಬುಗ್ಗೆಯ ಕಡೆಯವರಿಗೆ ನೀರು ನಿಂತೀತೆಂಬ ಭಯ. 1877ರಲ್ಲಿ ಅಡಾಲ್ಫ್ ಕ್ನಾಪ್ ಎಂಬ ಭೂವಿಜ್ಞಾನಿ ಆ ಇಂಗುವ ಬಾಯಿಗೆ 10 ಕಿಲೋ ಬಣ್ಣ, 20 ಟನ್ ಉಪ್ಪು, ಸಾಲದೆಂಬಂತೆ ಒಂದಷ್ಟು ಎಣ್ಣೆಯನ್ನೂ ಸುರಿಸಿದ. ಇಷ್ಟು ಉಪ್ಪು ತಿಂದ ನದಿ ನೀರು ಕುಡಿಯಲೇಬೇಕಲ್ಲ! ಸುಮಾರು 60 ಗಂಟೆಗಳ ಬಳಿಕ ಬುಗ್ಗೆಯಲ್ಲಿ ಹಸಿರಾಗಿ ಹೊಳೆಯುವ ಉಪ್ಪುನೀರು ಉಕ್ಕಿತು. ಅದನ್ನು ಬಾಯಿಗೆ ಹಾಕಿ ನೋಡಿದ ಧೀರರೂ ಇದ್ದರು. ಜಗಳ ಮುಗಿಯಲಿಲ್ಲ, 1927ರಲ್ಲಿ ನ್ಯಾಯಾಲಯದವರೆಗೂ ಹೋಯಿತು. ಆದರೆ ಜಗಳದ ವಿಷಯ ಬದಲಾಗಿತ್ತು. ‘ಬುಗ್ಗೆಯದು ನದಿಯ ನೀರೇ ಅಲ್ಲ’ ಎನ್ನುವ ದಾರಿ ಮುಚ್ಚಿ, ಯಾರಿಗೆ ಎಷ್ಟು ಎಂಬುದಷ್ಟೇ ಉಳಿದಿತ್ತು. ಅಳತೆ ಮಾಡುವ ಉಪಕಾರ ಇದು.

ಚೀಟಿ ಬಂತು. ಓದಿದೆ, ಅಧ್ಯಕ್ಷರೇ.

ಸಿಡಿಮದ್ದಿನಲ್ಲಿ ಉಳಿಯುವ ನೈಟ್ರೇಟ್ ನೀರಿಗೆ ಸೇರುವುದು, ಕೈಬಿಟ್ಟ ಗುಂಡಿಗೆ ಕಸ ಸುರಿದರೆ ಅದು ಸೋಸದೆ ನೇರ ಅಂತರ್ಜಲಕ್ಕೆ ಇಳಿಯುವುದು, ಇವೆರಡಕ್ಕೂ ಒಂದೊಂದು ಪುಟ ಬರೆದುಕೊಂಡು ಬಂದಿದ್ದೆ. ಇರಲಿ. ಕ್ವಾರಿ ಶುರುವಾಗುವ ಮುಂಚೆಯೇ, ಬಾವಿಯ ಪಂಪ್ ನಿಲ್ಲಿಸಿ ನೀರು ಮೇಲೇರಿ ನಿಂತ ಮೇಲೆ ಅಳೆಯಿರಿ. ತಿಂಗಳಿಗೊಮ್ಮೆ, ಮಳೆಗಾಲ ಬೇಸಿಗೆ ಎರಡೂ ಸಿಗುವಂತೆ ಕನಿಷ್ಠ ಒಂದು ವರ್ಷ. ಪುಸ್ತಕದಲ್ಲಿ ಕ್ವಾರಿಯವರ ಸಹಿಯೂ ಇರಲಿ, ನಾಳೆ ಅವರು ಅಲ್ಲಗಳೆಯಬಾರದು. ಹಗ್ಗ ನನ್ನ ಚೀಲದಲ್ಲಿದೆ. ಅಡಿಗೊಂದು ಗಂಟು ಹಾಕುವುದು ಹೇಗೆಂದು ಹೊರಗೆ ಜಗುಲಿಯಲ್ಲಿ ತೋರಿಸುತ್ತೇನೆ, ಬನ್ನಿ.