ಪ್ರಶ್ನೆಗೆ ತಕ್ಕಂತೆ ತಿರುಗುವ ಪ್ರಬಂಧ: ಎಚ್‌ಎಸ್‌ಸಿ ಇಂಗ್ಲಿಷ್ ತಯಾರಿಯ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಸಿಡ್ನಿಯ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳ ಮ್ಯಾಥ್ಸ್ ಬಗ್ಗೆ ಅಷ್ಟು ಚಿಂತೆ ಇರುವುದಿಲ್ಲ. ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. ಇಂಗ್ಲಿಷ್ ಎಂದ ಕೂಡಲೇ ಇಬ್ಬರೂ ಹಿಂದೆ ಸರಿಯುತ್ತಾರೆ. ಟ್ಯೂಷನ್‌ಗೆ ಹಾಕಿ, ಒಂದು ಒಳ್ಳೆಯ ಪ್ರಬಂಧ ಬರೆಸಿ, ಅದನ್ನು ಬಾಯಿಪಾಠ ಮಾಡಿಸಿದರೆ ಸಾಕು ಎಂದುಕೊಳ್ಳುತ್ತಾರೆ. ಇವತ್ತು ನಾನು ಮಾತಾಡಬೇಕು ಎಂದುಕೊಂಡಿರುವುದು ಈ ಒಂದು ನಂಬಿಕೆಯ ಬಗ್ಗೆ.

ಮೊದಲು ಸ್ವಲ್ಪ ಲೆಕ್ಕ. ನ್ಯೂ ಸೌತ್ ವೇಲ್ಸ್‌ನ ಎಚ್‌ಎಸ್‌ಸಿಯಲ್ಲಿ, ಅಂದರೆ 12ನೇ ತರಗತಿಯ ಕೊನೆಯ ಪರೀಕ್ಷೆಯಲ್ಲಿ, ಕಡ್ಡಾಯವಾಗಿರುವ ಒಂದೇ ವಿಷಯ ಇಂಗ್ಲಿಷ್. ವಿಶ್ವವಿದ್ಯಾಲಯ ಪ್ರವೇಶಕ್ಕೆ ನೋಡುವ ಏಟಾರ್‌ನ ಲೆಕ್ಕಕ್ಕೂ ಇಂಗ್ಲಿಷ್‌ನ 2 ಯೂನಿಟ್ ಸೇರಲೇಬೇಕು. ಬಿಡುವ ಹಾಗಿಲ್ಲ. 2019ರಿಂದ ನಡೆದುಬಂದ ಅಡ್ವಾನ್ಸ್ಡ್ ಕೋರ್ಸ್‌ನ ಮಾದರಿ ತೆಗೆದುಕೊಳ್ಳಿ. ಪೇಪರ್ 1 ಒಂದೂವರೆ ಗಂಟೆ. ಅದರಲ್ಲಿ ಅರ್ಧ, ಮೊದಲು ನೋಡಿರದ ಬರಹಗಳ ಮೇಲಿನ ಸಣ್ಣ ಪ್ರಶ್ನೆಗಳು. ಇನ್ನರ್ಧ, 'ಟೆಕ್ಸ್ಟ್ಸ್ ಅಂಡ್ ಹ್ಯೂಮನ್ ಎಕ್ಸ್‌ಪೀರಿಯನ್ಸಸ್' ಎಂಬ ಕಾಮನ್ ಮಾಡ್ಯೂಲ್ ಮೇಲೆ ಒಂದು ಪ್ರಬಂಧ. ಪೇಪರ್ 2 ಎರಡು ಗಂಟೆ, ಮೂರು ಮಾಡ್ಯೂಲ್. ಪ್ರತಿಯೊಂದಕ್ಕೂ 20 ಅಂಕ, ಸುಮಾರು 40 ನಿಮಿಷ. 2024ರಲ್ಲಿ ಹೊಸ ಸಿಲಬಸ್ ಹೊರಬಂದಿದೆ. ಹಾಗಾಗಿ ನಿಮ್ಮ ಮಗುವಿನ ವರ್ಷಕ್ಕೆ ಯಾವುದು ಅನ್ವಯ ಎಂದು ಈ ಪರೀಕ್ಷೆ ನಡೆಸುವ ಸಂಸ್ಥೆಯಾದ ನೆಸಾದ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ಮಾಡ್ಯೂಲ್ ಹೆಸರು ಬದಲಾದರೂ ನಾನು ಹೇಳುವ ವಿಷಯ ಬದಲಾಗುವುದಿಲ್ಲ.

40 ನಿಮಿಷದಲ್ಲಿ ಪ್ರಶ್ನೆ ಓದಬೇಕು, ಯೋಚಿಸಬೇಕು, 800ರಿಂದ 1000 ಪದ ಕೈಯಲ್ಲಿ ಬರೆಯಬೇಕು. ಇದನ್ನು ಕೇಳಿದ ಯಾರಿಗಾದರೂ ಮೊದಲೇ ಬರೆದು ಉರು ಹೊಡೆಯೋಣ ಎಂದು ಅನ್ನಿಸುವುದು ಸಹಜ. ನಾವೆಲ್ಲ ಹಾಗೇ ಓದಿದವರು, ಅಲ್ವಾ? ಎಸ್‌ಎಸ್‌ಎಲ್‌ಸಿ, ಪಿಯುಸಿಯಲ್ಲಿ ಯಾವ ಪಾಠದಿಂದ ಯಾವ ಪ್ರಶ್ನೆ ಬರಬಹುದು ಎಂದು ಗೊತ್ತಿರುತ್ತಿತ್ತು. ಗೈಡ್‌ನಲ್ಲಿ ಉತ್ತರ ಇರುತ್ತಿತ್ತು. ಚೆನ್ನಾಗಿ ಬಾಯಿಪಾಠ ಮಾಡಿದವರಿಗೆ ಒಳ್ಳೆಯ ಅಂಕ ಬರುತ್ತಿತ್ತು. ಆ ಓದು ನಮ್ಮನ್ನು ಇಲ್ಲಿಯವರೆಗೆ ತಂದಿದೆ. ಅದನ್ನು ಹಳಿಯುವುದು ನನಗೆ ಇಷ್ಟವಿಲ್ಲ. ಆದರೆ ಇಲ್ಲಿನ ಪರೀಕ್ಷೆ ಬೇರೆ ಥರದ್ದು. ಸಿದ್ಧ ಉತ್ತರಗಳನ್ನು ತಂದು ಸುರಿಯುವುದು ಜಾಸ್ತಿಯಾಯಿತು ಎಂದೇ ಇಲ್ಲಿ ಪ್ರಶ್ನೆಗಳನ್ನು ಊಹಿಸಲು ಕಷ್ಟವಾಗುವಂತೆ ಮಾಡಲು ಹೊರಟರು. 2016ರ ಎಚ್‌ಎಸ್‌ಸಿ ಸುಧಾರಣೆಗಳ ಹಿಂದಿದ್ದ ಯೋಚನೆಗಳಲ್ಲಿ ಇದೂ ಒಂದು.

ಬಾಯಿಪಾಠದ ಪ್ರಬಂಧ ಪರೀಕ್ಷಕರಿಗೆ ಹೇಗೆ ಕಾಣುತ್ತದೆ? ಪ್ರಶ್ನೆಯಲ್ಲಿ ನೆನಪಿನ ಶಕ್ತಿಯ ಬಗ್ಗೆ ಕೇಳಿದ್ದಾರೆ ಎಂದಿಟ್ಟುಕೊಳ್ಳಿ. ಮಗು ಬರೆದುಕೊಂಡು ಬಂದಿರುವುದು ಸರ್ವಾಧಿಕಾರದ ಬಗ್ಗೆ. ಮೊದಲ ವಾಕ್ಯದಲ್ಲಿ 'ನೆನಪು' ಎಂಬ ಪದ ಬರುತ್ತದೆ. ಆಮೇಲೆ ಇಡೀ ಪ್ಯಾರಾದಲ್ಲಿ ಅದರ ಸುಳಿವೇ ಇಲ್ಲ. ಕೊನೆಯ ವಾಕ್ಯದಲ್ಲಿ 'ಹೀಗೆ ಈ ಕೃತಿ ನೆನಪಿನ ಶಕ್ತಿಯನ್ನು ತೋರಿಸುತ್ತದೆ' ಎಂದು ಮತ್ತೆ ಬರುತ್ತದೆ. ಮೂರು ಪ್ಯಾರಾದಲ್ಲೂ ಇದೇ ಕಥೆ. ಭಾಷೆ ತುಂಬಾ ಚೆನ್ನಾಗಿರುತ್ತದೆ. ಆದರೆ ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲ. ಒಂದೇ ಪ್ರಶ್ನೆಗೆ ಬಂದ ಉತ್ತರಗಳನ್ನು ರಾಶಿ ರಾಶಿ ಓದುವವರಿಗೆ ಇದು ಎರಡನೇ ಪ್ಯಾರಾ ಮುಗಿಯುವ ಮೊದಲೇ ಗೊತ್ತಾಗುತ್ತದೆ. ಪ್ರತಿ ವರ್ಷ ಪರೀಕ್ಷೆಯ ನಂತರ ನೆಸಾ ಮಾರ್ಕಿಂಗ್ ಫೀಡ್‌ಬ್ಯಾಕ್ ಹಾಕುತ್ತದೆ. ಎರಡು ಮೂರು ವರ್ಷದ್ದನ್ನು ಒಟ್ಟಿಗೆ ಓದಿ ನೋಡಿ. ಪ್ರಶ್ನೆಯನ್ನು ಕೊನೆಯವರೆಗೂ ಹಿಡಿದುಕೊಂಡು ಬರೆಯಿರಿ ಎಂಬ ಮಾತು ಮತ್ತೆ ಮತ್ತೆ ಸಿಗುತ್ತದೆ.

ಹಾಗಾದರೆ ಏನೂ ತಯಾರಿ ಇಲ್ಲದೆ ಹೋಗಬೇಕೇ? ಖಂಡಿತ ಬೇಡ. ಅದು ಇನ್ನೂ ಅಪಾಯ. ತಯಾರಿ ಬೇಕು. ಯಾವುದನ್ನು ತಯಾರು ಮಾಡಿಕೊಳ್ಳಬೇಕು ಎಂಬುದೇ ಪ್ರಶ್ನೆ.

ಇಲ್ಲಿ ಕರಾವಳಿ ಕಡೆಯವರು ಇದ್ದೀರಿ. ತಾಳಮದ್ದಳೆ ಕೇಳಿದ್ದೀರಿ. ಭಾಗವತರು ಹಾಡುವ ಪದ್ಯ ಮೊದಲೇ ಗೊತ್ತಿರುವಂಥದ್ದು. ಪ್ರಸಂಗ ಗೊತ್ತು, ಪಾತ್ರ ಗೊತ್ತು, ಕೊನೆಗೆ ಏನಾಗುತ್ತದೆ ಎಂದೂ ಗೊತ್ತು. ಆದರೆ ಅರ್ಥಧಾರಿ ಏನು ಮಾತಾಡುತ್ತಾನೆ ಎಂಬುದು ಎದುರಿಗೆ ಕೂತವನು ಏನು ಕೇಳಿದ ಎಂಬುದರ ಮೇಲೆ ನಿಂತಿದೆ. ಮನೆಯಿಂದ ಕಲಿತು ತಂದ ಭಾಷಣವನ್ನು ಒಪ್ಪಿಸಿದರೆ ಎದುರಿನ ಅರ್ಥಧಾರಿ ಬಿಡುವುದಿಲ್ಲ, ಕೇಳುವವರೂ ಒಪ್ಪುವುದಿಲ್ಲ. ಹಾಗಂತ ಒಳ್ಳೆಯ ಅರ್ಥಧಾರಿ ಬರಿಗೈಯಲ್ಲಿ ಬರುವವನಲ್ಲ. ಪುರಾಣ, ಶ್ಲೋಕ, ಪಾತ್ರದ ಹಿಂದುಮುಂದು ಎಲ್ಲವೂ ಅವನ ಒಳಗಿರುತ್ತದೆ. ಎಚ್‌ಎಸ್‌ಸಿ ಪ್ರಬಂಧಕ್ಕೆ ಬೇಕಾದ ತಯಾರಿ ಇಂಥದ್ದು.

ಇದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡೋಣ. 2019ರಿಂದ ಬಂದ ಮಾದರಿಯಲ್ಲಿ ಕಾಮನ್ ಮಾಡ್ಯೂಲ್‌ಗೆ ನಿಗದಿಯಾದ ಕೃತಿಗಳಲ್ಲಿ ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ 'ನೈಂಟೀನ್ ಏಟಿ-ಫೋರ್' ಕೂಡ ಒಂದು. ತುಂಬಾ ಶಾಲೆಗಳಲ್ಲಿ ಇದನ್ನೇ ಓದಿಸುತ್ತಾರೆ. ಅದರಲ್ಲಿ ಒಂದು ಗಾಜಿನ ಪೇಪರ್‌ವೇಟ್ ಬರುತ್ತದೆ. ಒಳಗೆ ಒಂದು ಸಣ್ಣ ಗುಲಾಬಿ ಬಣ್ಣದ ಹವಳದ ಚೂರು. ಕಥಾನಾಯಕ ವಿನ್‌ಸ್ಟನ್ ಅದನ್ನು ಚಾರಿಂಗ್‌ಟನ್ ಎಂಬ ಮುದುಕನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಳ್ಳುತ್ತಾನೆ. ಅದರಿಂದ ಯಾವ ಉಪಯೋಗವೂ ಇಲ್ಲ. ಬೇರೊಂದು ಕಾಲದ್ದು ಎಂಬುದೇ ಅವನಿಗೆ ಅದರ ಬೆಲೆ. ಮುಂದೆ ಆ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರೇಯಸಿ ಜೂಲಿಯಾ ಜೊತೆ ಇರುವಾಗ, ಆ ಗಾಜು ಈ ಕೋಣೆ, ಒಳಗಿನ ಹವಳ ನಮ್ಮಿಬ್ಬರ ಬದುಕು ಎಂದು ಅವನಿಗೆ ಅನ್ನಿಸುತ್ತದೆ. ಕೊನೆಗೆ, ಜನರ ಯೋಚನೆಗಳ ಮೇಲೂ ಕಣ್ಣಿಡುವ ಥಾಟ್ ಪೊಲೀಸರು ನುಗ್ಗಿದಾಗ ಯಾರೋ ಅದನ್ನು ಒಲೆಯ ಕಲ್ಲಿಗೆ ಅಪ್ಪಳಿಸುತ್ತಾರೆ. ಹವಳದ ಚೂರು ನೆಲದ ಮೇಲೆ ಉರುಳಿಹೋಗುತ್ತದೆ. ಅದು ಎಷ್ಟು ಚಿಕ್ಕದಾಗಿತ್ತು ಎಂದು ವಿನ್‌ಸ್ಟನ್ ಅಂದುಕೊಳ್ಳುತ್ತಾನೆ. ಅಂಗಡಿಯ ಮುದುಕ ಕೂಡ ಥಾಟ್ ಪೊಲೀಸ್ ಎಂದು ಗೊತ್ತಾಗುವುದೂ ಆಗಲೇ.

ಇದು ಒಂದು ಎವಿಡೆನ್ಸ್, ಅಂದರೆ ವಾದಕ್ಕೆ ಆಧಾರವಾಗಿ ಕೃತಿಯಿಂದ ಎತ್ತಿಕೊಳ್ಳುವ ಸಂಗತಿ. ಮಕ್ಕಳೇ, ಇದರ ಮುಂದೆ ಈಗ ಮೂರು ಪ್ರಶ್ನೆ ಇಡುತ್ತೇನೆ. ಮೂರೂ ನಾನೇ ಮಾಡಿದ್ದು.

ಮೊದಲನೆಯದು ನೆನಪಿನ ಬಗ್ಗೆ. ಆಗ ನೀವು ಹಿಡಿಯಬೇಕಾದ್ದು ಗಾಜಿನ ವಯಸ್ಸನ್ನು. ವಿನ್‌ಸ್ಟನ್‌ನ ಕೆಲಸವೇ ಹಳೆಯ ದಾಖಲೆಗಳನ್ನು ತಿದ್ದುವುದು. ಕಾಗದದಲ್ಲಿರುವುದನ್ನೆಲ್ಲ ಅಲ್ಲಿನ ಆಳುವ ಪಕ್ಷ ತಿದ್ದಬಲ್ಲದು. ಈ ಗಾಜು ಮಾತ್ರ ಅವರು ತಿದ್ದಲು ಮರೆತ ಇತಿಹಾಸದ ತುಂಡು ಎಂದು ಅವನೇ ಜೂಲಿಯಾಗೆ ಹೇಳುತ್ತಾನೆ. ಬರಹ ಸೋತ ಕಡೆ ಒಂದು ವಸ್ತು ನೆನಪನ್ನು ಉಳಿಸಿಕೊಂಡಿದೆ ಎಂಬುದು ನಿಮ್ಮ ವಾದ.

ಎರಡನೆಯದು ಮನುಷ್ಯ ಸಂಬಂಧಗಳು ಕೊಡುವ ಬಲ ಮತ್ತು ತರುವ ಅಪಾಯದ ಬಗ್ಗೆ. ಈಗ ವಯಸ್ಸನ್ನು ಬಿಡಿ. ಕೋಣೆ ಮತ್ತು ಹವಳವನ್ನು ಹಿಡಿಯಿರಿ. ಗಾಜು ಒಳಗಿನದನ್ನು ಕಾಪಾಡುತ್ತದೆ. ಆದರೆ ಗಾಜು ಪಾರದರ್ಶಕ, ಒಡೆಯುವಂಥದ್ದು. ಆಸರೆ ಎಂದು ನಂಬಿದ್ದೇ ಅವರನ್ನು ಹಿಡಿದುಕೊಟ್ಟಿತು.

ಮೂರನೆಯದು ಮನುಷ್ಯರ ನಡವಳಿಕೆಯಲ್ಲಿರುವ ವಿರೋಧಾಭಾಸದ ಬಗ್ಗೆ. ಮಾಡ್ಯೂಲ್‌ನ ರೂಬ್ರಿಕ್‌ನಲ್ಲಿಯೇ, ಅಂದರೆ ಅದರ ಅಧಿಕೃತ ವಿವರಣೆಯಲ್ಲಿಯೇ, ಈ ಮಾತಿದೆ: ಅನಾಮಲೀಸ್, ಪ್ಯಾರಡಾಕ್ಸಸ್, ಇನ್‌ಕನ್ಸಿಸ್ಟೆನ್ಸೀಸ್. ಇಲ್ಲಿ ಮುಖ್ಯವಾಗುವುದು ಅಂಗಡಿಯವನು. ವಿನ್‌ಸ್ಟನ್‌ಗೆ ಯಾರನ್ನೂ ನಂಬಬಾರದು ಎಂದು ಗೊತ್ತು. ಸಿಕ್ಕಿಬೀಳುತ್ತೇವೆ ಎಂದೂ ಗೊತ್ತು. ಆದರೂ ಕೋಣೆ ಬಾಡಿಗೆಗೆ ಹಿಡಿಯುತ್ತಾನೆ. ತನ್ನ ಖಾಸಗಿ ಬದುಕಿನ ಗುರುತು ಎಂದುಕೊಂಡ ವಸ್ತುವನ್ನು ಅವನಿಗೆ ಮಾರಿದ್ದೇ ಪೊಲೀಸ್. ಗೊತ್ತಿದ್ದೂ ಯಾಕೆ ನಂಬಿದ? ಈ ಪ್ರಶ್ನೆಯ ಸುತ್ತ ಪ್ಯಾರಾ ಕಟ್ಟಬಹುದು.

ನೋಡಿದಿರಾ? ವಸ್ತು ಒಂದೇ. ಅದರ ಬಗ್ಗೆ ಗೊತ್ತಿರುವ ಸಂಗತಿಗಳೂ ಅವೇ. ಆದರೆ ಮೂರು ಪ್ಯಾರಾದ ಒಂದು ವಾಕ್ಯವೂ ಒಂದೇ ಥರ ಇರುವುದಿಲ್ಲ. ಟಾಪಿಕ್ ಸೆಂಟೆನ್ಸ್, ಅಂದರೆ ಪ್ಯಾರಾದ ವಿಷಯ ಹೇಳುವ ಮೊದಲ ವಾಕ್ಯ, ಬೇರೆ, ಆರಿಸಿಕೊಂಡ ಕೋಟ್ ಬೇರೆ, ಒತ್ತು ಬೀಳುವ ಜಾಗ ಬೇರೆ. ನಾಲ್ಕನೇ ಪ್ರಶ್ನೆ ಪಕ್ಷವೇ ರೂಪಿಸಿದ ನ್ಯೂಸ್ಪೀಕ್ ಎಂಬ ಭಾಷೆಯ ಬಗ್ಗೆ, ಭಾಷೆಯ ಮೇಲಿನ ಹಿಡಿತದ ಬಗ್ಗೆ ಬಂತು ಎನ್ನಿ. ಆಗ ಈ ಗಾಜು ಬೇಡ. ಎಷ್ಟೇ ಇಷ್ಟವಾದ ಎವಿಡೆನ್ಸ್ ಆದರೂ ಆಚೆ ಇಡಬೇಕು. ಮಕ್ಕಳಿಗೆ ತುಂಬಾ ಕಷ್ಟವಾಗುವುದು ಇದೇ. ಕಲಿತದ್ದನ್ನು ಬರೆಯದೆ ಬಿಡಲು ಮನಸ್ಸು ಬರುವುದಿಲ್ಲ.

ಹಾಗಾಗಿ ಪ್ರತಿ ಕೃತಿಗೂ ಇಂಥ ಆರೇಳು ಎವಿಡೆನ್ಸ್ ಸಾಕು. ಐವತ್ತು ಕೋಟ್ ಬೇಡ. ಕೃತಿಯ ಆರಂಭ, ನಡು, ಅಂತ್ಯ ಮೂರೂ ಕಡೆಯಿಂದ ಆರಿಸಿಕೊಳ್ಳಿ. ಒಂದೊಂದಕ್ಕೂ ಒಂದು ಹಾಳೆ ಇಡಿ. ಅದು ಎಲ್ಲಿ ಬರುತ್ತದೆ, ಲೇಖಕ ಅದನ್ನು ಹೇಗೆ ಬರೆದಿದ್ದಾನೆ, ಮುಂದೆ ಅದು ಹೇಗೆ ಬದಲಾಗುತ್ತದೆ, ಯಾವ ಯಾವ ದಿಕ್ಕಿಗೆ ತಿರುಗಿಸಬಹುದು ಎಂದು ಬರೆದುಕೊಳ್ಳಿ. ತಿರುಗಿಸಲು ಎರಡೇ ದಾರಿ ಸಿಕ್ಕರೆ ಆ ಎವಿಡೆನ್ಸ್ ಬಡವಾಯಿತು. ಬೇರೆ ಹುಡುಕಿ. ಕೋಟ್‌ಗಳನ್ನು ಮಾತ್ರ ಚಾಚೂ ತಪ್ಪದೆ ಬಾಯಿಪಾಠ ಮಾಡಿ. ಬಾಯಿಪಾಠಕ್ಕೆ ಜಾಗ ಇರುವುದು ಅಲ್ಲಿ.

ಒಂದು ಪೂರ್ತಿ ಪ್ರಬಂಧ ಬರೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಬರೆಯಿರಿ. ಟೀಚರ್‌ಗೆ ತೋರಿಸಿ, ತಿದ್ದಿಸಿಕೊಳ್ಳಿ. ನಿಮ್ಮ ವಾದ ಏನು, ನಿಮ್ಮ ವಾಕ್ಯ ಹೇಗಿರುತ್ತದೆ ಎಂದು ನಿಮಗೇ ಗೊತ್ತಾಗುವುದು ಆಗಲೇ. ಆಮೇಲೆ ಅದನ್ನು ಪಕ್ಕಕ್ಕಿಟ್ಟು ಹಳೆಯ ಪ್ರಶ್ನೆಪತ್ರಿಕೆ ತೆಗೆಯಿರಿ. ಅವೆಲ್ಲ ನೆಸಾ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಮಾರ್ಕಿಂಗ್ ಗೈಡ್‌ಲೈನ್ಸ್ ಸಮೇತ. ಒಂದು ಪ್ರಶ್ನೆಗೆ ಹತ್ತು ನಿಮಿಷ ಇಟ್ಟುಕೊಳ್ಳಿ. ಇಂಟ್ರೊಡಕ್ಷನ್ ಮತ್ತು ಮೂರು ಟಾಪಿಕ್ ಸೆಂಟೆನ್ಸ್ ಮಾತ್ರ ಬರೆಯಿರಿ. ನಿಲ್ಲಿಸಿ. ಮುಂದಿನ ಪ್ರಶ್ನೆ. ಒಂದು ಇಡೀ ಪ್ರಬಂಧ ಬರೆಯುವ ಹೊತ್ತಿನಲ್ಲಿ ನಾಲ್ಕು ಪ್ರಶ್ನೆಗೆ ಯೋಚಿಸಿದ ಹಾಗಾಗುತ್ತದೆ. ಪ್ರಬಂಧ ತಿರುಗುವುದು ಥೀಸಿಸ್‌ನಲ್ಲಿ (ಇಡೀ ಪ್ರಬಂಧದ ಮುಖ್ಯ ವಾದದಲ್ಲಿ), ಟಾಪಿಕ್ ಸೆಂಟೆನ್ಸ್‌ನಲ್ಲಿ. ಅಲ್ಲಿ ತಿರುಗದಿದ್ದರೆ ಕೆಳಗೆ ಎಷ್ಟು ಪದ ಬದಲಾಯಿಸಿದರೂ ಉಪಯೋಗವಿಲ್ಲ.

'ಟು ವಾಟ್ ಎಕ್ಸ್‌ಟೆಂಟ್' ಎಂದು ಶುರುವಾಗುವ ಪ್ರಶ್ನೆಗಳಿಗೆ ಒಂದು ಮಾತು. ಎಷ್ಟರ ಮಟ್ಟಿಗೆ ಎಂದು ಕೇಳಿದರೆ ಸುಮ್ನೆ ಹೌದು ಎಂದು ಬರೆದು ಮುಗಿಸಬೇಡಿ. ಎಲ್ಲಿಯವರೆಗೆ ಹೌದು, ಎಲ್ಲಿಂದಾಚೆಗೆ ಅಲ್ಲ ಎಂದು ಹೇಳಿ. ಪ್ರಶ್ನೆಯ ಹೇಳಿಕೆಯನ್ನು ಒಪ್ಪಲೇಬೇಕು ಎಂದೇನಿಲ್ಲ. ನಮ್ಮ ಮಕ್ಕಳು ವಿನಯವಂತರು, ಪ್ರಶ್ನೆಪತ್ರಿಕೆಗೆ ಎದುರು ಮಾತಾಡಲು ಹಿಂಜರಿಯುತ್ತಾರೆ. ಕಾರಣ ಕೊಟ್ಟು ಭಿನ್ನಾಭಿಪ್ರಾಯ ಹೇಳಿದರೆ ಇಲ್ಲಿ ಅದಕ್ಕೆ ಬೆಲೆ ಇದೆ.

'ಕ್ರಾಫ್ಟ್ ಆಫ್ ರೈಟಿಂಗ್' ಮಾಡ್ಯೂಲ್‌ಗೂ ಇದೇ ನಿಯಮ. ಸಿದ್ಧಮಾಡಿಕೊಂಡ ಒಂದು ಕಥೆಯನ್ನು ಬರೆಯಲು ಪ್ರೇರಣೆಯಾಗಿ ಪ್ರಶ್ನೆಯಲ್ಲಿ ಕೊಟ್ಟ ಸ್ಟಿಮ್ಯುಲಸ್‌ಗೆ ಅಂಟಿಸಿದರೆ ಬೆಸುಗೆ ಕಾಣುತ್ತದೆ. ಅದಕ್ಕೇ ಬೇರೆ ದಿನ ಬೇಕು, ಇವತ್ತು ಬಿಡೋಣ.

ಈಗ ಅಪ್ಪ ಅಮ್ಮಂದಿರಿಗೆ. ದಯವಿಟ್ಟು ಯಾರಿಂದಲೋ ಪ್ರಬಂಧ ಬರೆಸಿ ಮಕ್ಕಳ ಕೈಗೆ ಕೊಡಬೇಡಿ. ಅಂತಿಮ ಅಂಕದಲ್ಲಿ ಅರ್ಧ ಶಾಲೆಯ ಅಸೆಸ್‌ಮೆಂಟ್‌ನಿಂದ ಬರುತ್ತದೆ. ಎಚ್‌ಎಸ್‌ಸಿ ಕೋರ್ಸ್ ಶುರುಮಾಡುವ ಮೊದಲು ನಕಲು ಮಾಡದೆ ಸ್ವಂತ ಕೆಲಸ ಮಾಡುವುದನ್ನು ಕಲಿಸುವ 'ಆಲ್ ಮೈ ಓನ್ ವರ್ಕ್' ಎಂಬ ಕಾರ್ಯಕ್ರಮವನ್ನು ಮಕ್ಕಳು ಮುಗಿಸಿಯೇ ಬಂದಿರುತ್ತಾರೆ. ಬೇರೆಯವರ ಬರಹವನ್ನು ತನ್ನದೆಂದು ಕೊಟ್ಟರೆ ಅದು ಗಂಭೀರ ತಪ್ಪು. ನನಗೆ ಅದಕ್ಕಿಂತ ಜಾಸ್ತಿ ಬೇಸರ ತರುವುದು ಇನ್ನೊಂದು ವಿಷಯ. ಹದಿನೇಳು ವರ್ಷದ ಮಗುವಿಗೆ ಒಂದು ಒಳ್ಳೆಯ ಕಾದಂಬರಿಯ ಬಗ್ಗೆ ಸ್ವಂತವಾಗಿ ಯೋಚಿಸುವ ಅವಕಾಶ ಸಿಕ್ಕಿದೆ. ಅದನ್ನು ನಾವೇ ಕಿತ್ತುಕೊಳ್ಳುತ್ತೇವೆ.

ನೀವು ಮಾಡಬಹುದಾದ ದೊಡ್ಡ ಸಹಾಯ ಮನೆಯಲ್ಲೇ ಇದೆ. ಅಡುಗೆ ಮಾಡುವಾಗ, ಕಾರಿನಲ್ಲಿ ಹೋಗುವಾಗ ಕೇಳಿ: ಆ ಪುಸ್ತಕದಲ್ಲಿ ನಿನಗೆ ಏನು ಅನ್ನಿಸಿತು, ಕನ್ನಡದಲ್ಲಿ ಹೇಳು ನೋಡೋಣ. ಹರುಕು ಮುರುಕಾದರೂ ಪರವಾಗಿಲ್ಲ, ನಡುನಡುವೆ ಇಂಗ್ಲಿಷ್ ಬಂದರೂ ಪರವಾಗಿಲ್ಲ. ಕನ್ನಡದಲ್ಲಿ ಹೇಳುವಾಗ ಬಾಯಿಪಾಠದ ವಾಕ್ಯಗಳು ಕೈಗೆ ಸಿಗುವುದಿಲ್ಲ. ವಾದ ನಿಜವಾಗಿ ಗೊತ್ತಿದ್ದರೆ ಮಾತ್ರ ಹೇಳಲು ಆಗುತ್ತದೆ. 'ಯಾಕೆ ಹಾಗಂತೀಯ? ಪುಸ್ತಕದಲ್ಲಿ ಎಲ್ಲಿದೆ?' ಎಂದು ನೀವು ಕೇಳಿದರೆ ಸಾಕು. ಅದಕ್ಕೆ ನೀವು ಆ ಪುಸ್ತಕ ಓದಿರಬೇಕಾಗಿಲ್ಲ. ಅಜ್ಜಿ ತಾತ ಊರಿನಿಂದ ಬಂದಿದ್ದರೆ ಅವರ ಮುಂದೆ ಹೇಳಿಸಿ. ಕಥೆ ಗೊತ್ತಿಲ್ಲದವರು ಕೇಳುವ ಪ್ರಶ್ನೆಗಳು ತುಂಬಾ ಚುರುಕಾಗಿರುತ್ತವೆ.

ಇತ್ತೀಚೆಗೆ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದ ಕುಟುಂಬಗಳಿಗೆ ಒಂದು ಸೂಚನೆ. ಇಯರ್ 11ಕ್ಕೆ ಮೊದಲು ಇಂಗ್ಲಿಷ್ ಮಾಧ್ಯಮದಲ್ಲಿ ಐದು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದ ಮಕ್ಕಳಿಗೆ ಇಎಎಲ್‌ಡಿ ಎಂಬ, ಇಂಗ್ಲಿಷ್ ಹೆಚ್ಚುವರಿ ಭಾಷೆಯಾದವರಿಗಾಗಿ ಇರುವ ಬೇರೆ ಇಂಗ್ಲಿಷ್ ಕೋರ್ಸ್ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿದ್ದರೆ ಶಾಲೆಯಲ್ಲಿ ವಿಚಾರಿಸಿ. ಊರಿನಲ್ಲೂ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ್ದರೆ ಆ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ.

ಕೊನೆಗೆ ಪರೀಕ್ಷೆಯ ಕೋಣೆ. ಪೇಪರ್ 1ಕ್ಕೆ 10 ನಿಮಿಷ ರೀಡಿಂಗ್ ಟೈಮ್, ಪೇಪರ್ 2ಕ್ಕೆ 5 ನಿಮಿಷ. ಆಗ ಪೆನ್ ಮುಟ್ಟುವ ಹಾಗಿಲ್ಲ. ಪ್ರಬಂಧದ ಪ್ರಶ್ನೆಯನ್ನು ಮೊದಲು ಓದಿ. ಯಾವ ಕ್ರಿಯಾಪದದಿಂದ ಕೇಳಿದ್ದಾರೆ, ಮುಖ್ಯ ಪದ ಯಾವುದು, ಕೃತಿಯ ಯಾವ ಗುಣದ ಕಡೆ ಬೆರಳು ಮಾಡಿದ್ದಾರೆ ಎಂದು ನೋಡಿ. ನಿಮ್ಮ ಆರೇಳು ಹಾಳೆಗಳನ್ನು ಮನಸ್ಸಿನಲ್ಲಿ ಹರಡಿ, ಮೂರನ್ನು ಎತ್ತಿಕೊಳ್ಳಿ. ಬರೆಯಲು ಹೇಳಿದ ಮೇಲೂ ಮೂರು ನಾಲ್ಕು ನಿಮಿಷ ಪ್ಲಾನ್‌ಗೆ ಕೊಡಿ. ಪಕ್ಕದವರು ಆಗಲೇ ಒಂದು ಪುಟ ತುಂಬಿಸಿರುತ್ತಾರೆ, ಗಾಬರಿಯಾಗಬೇಡಿ.

ಈಗ ಒಂದು ಕೆಲಸ. ಸ್ವಯಂಸೇವಕರು ಹಂಚುತ್ತಿರುವ ಹಾಳೆಯಲ್ಲಿ ನಾಲ್ಕು ಪ್ರಶ್ನೆಗಳಿವೆ. ಮಕ್ಕಳು ತಮ್ಮ ಕೃತಿಯಿಂದ ಒಂದೇ ಒಂದು ದೃಶ್ಯ ಆರಿಸಿಕೊಂಡು ನಾಲ್ಕಕ್ಕೂ ಒಂದೊಂದು ಟಾಪಿಕ್ ಸೆಂಟೆನ್ಸ್ ಬರೆಯಿರಿ. ಯಾವ ಪ್ರಶ್ನೆಗೆ ಆ ದೃಶ್ಯ ಒಗ್ಗುವುದಿಲ್ಲವೋ ಅಲ್ಲಿ ಗೆರೆ ಎಳೆದು, ಯಾಕೆ ಎಂದು ಬರೆಯಿರಿ. ಅಪ್ಪ ಅಮ್ಮಂದಿರು ಅದನ್ನು ಕನ್ನಡದಲ್ಲಿ ಹೇಳಿಸಿ ಕೇಳಿ. ಇಪ್ಪತ್ತು ನಿಮಿಷ ಸಮಯವಿದೆ. ನಾನು ಒಬ್ಬೊಬ್ಬರ ಹತ್ತಿರ ಬರುತ್ತೇನೆ.