ಕರುಳು ಕೆರಳಿದಾಗ ಯಾರಿಗೆ ಫೋನ್ ಮಾಡುವುದು?

ಕೇಳುಗರಿಗೆ ನಮಸ್ಕಾರ.

ಮಲದಲ್ಲಿ ರಕ್ತ ಕಂಡರೆ ಮೊದಲು ನೆನಪಾಗುವುದು ಮೂಲವ್ಯಾಧಿ. ಜೊತೆಗೆ ಭೇದಿಯೂ ಇದ್ದರೆ, ತಿಂದದ್ದು ಏನೋ ಸರಿಹೋಗಲಿಲ್ಲ ಅಂದುಕೊಳ್ಳುತ್ತೇವೆ. ನಾಲ್ಕು ದಿನ ಮಾತ್ರೆ ನುಂಗುತ್ತೇವೆ. ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ತೂಕ ಇಳಿಯುತ್ತದೆ, ಸುಸ್ತು ಬಿಡುವುದಿಲ್ಲ. ಹೀಗೆ ವಾರಗಟ್ಟಲೆ ನಡೆದಿದ್ದರೆ, ಅದರಲ್ಲೂ ರಾತ್ರಿ ನಿದ್ದೆಯಿಂದ ಎದ್ದು ಟಾಯ್ಲೆಟ್ಟಿಗೆ ಓಡುವ ಹಾಗಾಗಿದ್ದರೆ, ಅದು ಕರುಳಿನ ಉರಿಯೂತದ ಕಾಯಿಲೆ ಇರಬಹುದು. ಡಾಕ್ಟರುಗಳು ಚಿಕ್ಕದಾಗಿ ಐಬಿಡಿ ಅನ್ನುತ್ತಾರೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ಬರುವುದು ದೊಡ್ಡ ಕರುಳಿನ ಒಳಪದರಕ್ಕೆ. ಗುದದ ಹತ್ತಿರ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ಸ್ ಹಾಗಲ್ಲ. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯಬಹುದು. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಇನ್ನಿಬ್ಬರು ಡಾಕ್ಟರುಗಳ ಜೊತೆ ಸೇರಿ ಇದರ ಬಗ್ಗೆ ಬರೆದರು. ಹೆಸರು ಮಾತ್ರ ಕ್ರೋನ್ ಅವರದ್ದೇ ಉಳಿಯಿತು. ಉಳಿದಿಬ್ಬರನ್ನು ಈಗ ಯಾರು ನೆನೆಯುತ್ತಾರೆ, ಪಾಪ!

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಇಲ್ಲಿ ಕರುಳಿನ ಮೇಲೆ ತಿರುಗಿಬೀಳುತ್ತದೆ. ಬೇರುಸಮೇತ ಕೀಳುವ ಔಷಧಿ ಇನ್ನೂ ಬಂದಿಲ್ಲ. ತಿಂಗಳುಗಟ್ಟಲೆ ತೆಪ್ಪಗಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಕೆರಳುತ್ತದೆ. ಹಾಗಾಗಿ ಇದಕ್ಕೆ ಬೇಕಾಗಿರುವುದು ದೊಡ್ಡ ಮಷೀನುಗಳಿರುವ ಆಸ್ಪತ್ರೆ ಅನ್ನುವುದಕ್ಕಿಂತ, ನಿಮ್ಮ ಕರುಳಿನ ಕಥೆ ಗೊತ್ತಿರುವ ಆಸ್ಪತ್ರೆ.

ಪತ್ತೆ ಮಾಡುವುದರಲ್ಲೇ ಪರಿಣತಿ ಬೇಕು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಪ್ರೋಟೀನ್ ಎಷ್ಟಿದೆ ಅಂತ ನೋಡುವ ಪರೀಕ್ಷೆ ಇದೆ. ಅದು ಜಾಸ್ತಿ ಇದ್ದರೆ ಕರುಳಿನಲ್ಲಿ ಉರಿಯೂತ ಇದೆ ಅಂತ ಸುಳಿವು. ಆಮೇಲೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಗುದದ ಮೂಲಕ ಕಳಿಸಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವುದು. ಕರುಳು ನೋಡಲು ಚೆನ್ನಾಗಿಯೇ ಇದೆ ಅನಿಸಿದ ಕಡೆಯಿಂದಲೂ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕ್ಷಯರೋಗ ಹೆಚ್ಚಿರುವ ಕಡೆ ಇನ್ನೊಂದು ತೊಡಕು: ಕರುಳಿನ ಕ್ಷಯವೂ ಕ್ರೋನ್ಸ್ ಥರವೇ ಕಾಣುತ್ತದೆ. ಕ್ಷಯಕ್ಕೆ ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಇನ್ನಷ್ಟು ಹಬ್ಬುವ ಅಪಾಯ ಇದೆ. ಅದಕ್ಕೇ ಒಬ್ಬರೇ ತೀರ್ಮಾನ ಮಾಡದೆ, ಸ್ಕ್ಯಾನ್ ಓದುವವರು, ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡುವವರು, ಸರ್ಜನ್, ಎಲ್ಲರೂ ಒಂದು ಕಡೆ ಕೂತು ಮಾತಾಡಬೇಕು.

ಸ್ಟೀರಾಯ್ಡ್ ಅಂದೆನಲ್ಲ, ಅದರ ಬಗ್ಗೆ ಎರಡು ಮಾತು. ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ 1955ರಲ್ಲಿ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡಿನ ಪ್ರಯೋಗದ ವಿವರ ಪ್ರಕಟಿಸಿದರು. ಕೊಲೈಟಿಸ್ ರೋಗಿಗಳು ಬದುಕುಳಿಯುವ ದಾರಿ ಅದರಿಂದ ತೆರೆಯಿತು. ಈಗಲೂ ಕೆರಳಿದ ಕರುಳನ್ನು ಬೇಗ ತಣಿಸಲು ಅದು ಬೇಕೇ ಬೇಕು. ಆದರೆ ವರ್ಷಗಟ್ಟಲೆ ನುಂಗುವ ಔಷಧಿ ಅಲ್ಲ. ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಮುಖ ಊದುತ್ತದೆ. ಮೊದಲ ವಾರ ಹಾಯಾಗಿರುತ್ತದೆ ನೋಡಿ, ಅದಕ್ಕೇ ಜನ ಹಳೇ ಚೀಟಿ ತೋರಿಸಿ ತಾವೇ ಮತ್ತೆ ತಗೊಳ್ಳುತ್ತಾರೆ. ನನಗೆ ಭಯ ಇರುವುದು ಅಲ್ಲೇ. ಒಂದು ವರ್ಷದೊಳಗೆ ಎರಡನೇ ಸಲ ಸ್ಟೀರಾಯ್ಡ್ ಬೇಕಾಯಿತು ಅಂದರೆ, ಚಿಕಿತ್ಸೆಯ ದಾರಿಯನ್ನೇ ಬದಲಿಸಬೇಕಾ ಅಂತ ಪರಿಣತರು ನೋಡಬೇಕು. ಹಾಗಂತ ಒಮ್ಮೆಲೇ ನಿಲ್ಲಿಸಲೂ ಬಾರದು, ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಆ ಮುಂದಿನ ದಾರಿಗಳು ಈಗ ಹಲವು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಾಥಯೋಪ್ರಿನ್ ಮಾತ್ರೆ ಕೊಟ್ಟರೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಬಿಳಿ ರಕ್ತಕಣ ಇಳಿಯಬಹುದು. ಬಯೋಲಾಜಿಕ್, ಅಂದರೆ ಜೀವಕೋಶಗಳಲ್ಲಿ ತಯಾರಿಸುವ, ಇಂಜೆಕ್ಷನ್‌ಗಳಲ್ಲಿ ಇನ್‌ಫ್ಲಿಕ್ಸಿಮ್ಯಾಬ್ 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್‌ಗೆ ಒಪ್ಪಿಗೆ ಪಡೆಯಿತು. ಕೊಡುವ ಮುಂಚೆ ಮೈಯಲ್ಲಿ ಕ್ಷಯ ಅಡಗಿದೆಯಾ, ಹೆಪಟೈಟಿಸ್ ಬಿ ಇದೆಯಾ ಅಂತ ನೋಡಲೇಬೇಕು. ಡ್ರಿಪ್ ಮೂಲಕ ಮೊದಲ ಡೋಸ್, ಎರಡನೇ ವಾರಕ್ಕೆ ಒಂದು, ಆರನೇ ವಾರಕ್ಕೆ ಇನ್ನೊಂದು, ಆಮೇಲೆ ಸಾಮಾನ್ಯವಾಗಿ ಎಂಟು ವಾರಕ್ಕೊಮ್ಮೆ.

ಇನ್ನು ಕೊಲೈಟಿಸ್ ಜೋರಾಗಿ ಕೆರಳಿದರೆ? ದಿನಕ್ಕೆ ಆರು ಸಲ ಅಥವಾ ಜಾಸ್ತಿ ರಕ್ತಭೇದಿ, ಜೊತೆಗೆ ಜ್ವರ, ಇಲ್ಲವೇ ನಾಡಿ ಬಡಿತ 90 ದಾಟಿದ್ದರೆ ಅವತ್ತೇ ಆಸ್ಪತ್ರೆ ಸೇರಬೇಕು. ಅಲ್ಲಿ ಹಾಸಿಗೆಯ ಪಕ್ಕ ಒಂದು ಹಾಳೆ ಇಡುತ್ತಾರೆ. ಎಷ್ಟು ಗಂಟೆಗೆ ಹೋದಿರಿ, ನೀರಾಗಿತ್ತಾ, ರಕ್ತ ಇತ್ತಾ, ಪ್ರತಿ ಸಲವೂ ಬರೆಯಬೇಕು. ಸುಮ್ನೆ ಲೆಕ್ಕ ಅನಿಸಬಹುದು. ಆದರೆ ಮೂರನೇ ದಿನ ಬೆಳಿಗ್ಗೆ ತಜ್ಞರು ಮೊದಲು ನೋಡುವುದು ಆ ಹಾಳೆ ಮತ್ತು ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ರಿಪೋರ್ಟು. ನರಕ್ಕೆ ಕೊಟ್ಟ ಸ್ಟೀರಾಯ್ಡ್ ಕೆಲಸ ಮಾಡದಿದ್ದರೆ ಕಾಯುತ್ತಾ ಕೂರುವ ಹಾಗಿಲ್ಲ; ಬೇರೆ ಔಷಧಿ, ಅದೂ ಆಗದಿದ್ದರೆ ಆಪರೇಷನ್. ಇನ್ನೊಂದು ವಿಚಿತ್ರ: ರಕ್ತ ಹೋಗುತ್ತಿರುವವರಿಗೇ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಮನೆಯವರು ಗಾಬರಿಯಾಗುತ್ತಾರೆ. ಆದರೆ ಉರಿಯೂತ ಹೀಗೆ ಏರಿದಾಗ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ನಿಜಕ್ಕೂ ದೊಡ್ಡದು.

ಆಪರೇಷನ್ ಅಂದರೆ ಸೋಲು ಅಂತ ನಾನು ಒಪ್ಪುವುದಿಲ್ಲ. ಸರಿಯಾದ ಹೊತ್ತಿಗೆ ಮಾಡಿದ ಆಪರೇಷನ್ ಜೀವ ಉಳಿಸುತ್ತದೆ. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು (ಇದಕ್ಕೆ ಸ್ಟೋಮಾ ಅನ್ನುತ್ತಾರೆ) ಮಲ ತುಂಬಲು ಚೀಲ ಅಂಟಿಸುವುದಾದರೆ, ಒಳ್ಳೆಯ ಆಸ್ಪತ್ರೆಯಲ್ಲಿ ಸ್ಟೋಮಾ ನರ್ಸ್ ಮೊದಲೇ ಬಂದು ಜಾಗ ಗುರುತು ಮಾಡುತ್ತಾರೆ. ನಿಮ್ಮನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಬಟ್ಟೆಯ ಸೊಂಟಪಟ್ಟಿ ಎಲ್ಲಿ ಬರುತ್ತದೆ, ಚರ್ಮ ಎಲ್ಲಿ ಮಡಿಚುತ್ತದೆ ಅಂತ ನೋಡಿ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಕೊಲೈಟಿಸ್ ಇರುವವರಿಗೆ ಇನ್ನೊಂದು ದಾರಿಯೂ ಇದೆ. 1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೋಲ್ಸ್ ಸಣ್ಣ ಕರುಳಿನಿಂದಲೇ ಒಳಗೆ ಒಂದು ಚೀಲ ಹೊಲಿಯುವ ವಿಧಾನವನ್ನು ಪ್ರಕಟಿಸಿದರು. ಅದು ಹೊಂದುವವರಿಗೆ ಶಾಶ್ವತವಾಗಿ ಹೊರಗಿನ ಚೀಲ ಬೇಕಾಗುವುದಿಲ್ಲ.

ಆರಾಮಾಗಿರುವ ದಿನಗಳಲ್ಲೂ ಆಸ್ಪತ್ರೆಯ ನಂಟು ಬಿಡಬೇಡಿ. ದೊಡ್ಡ ಕರುಳಿನ ಕಾಯಿಲೆ ಶುರುವಾಗಿ ಸುಮಾರು ಎಂಟು ವರ್ಷವಾದ ಮೇಲೆ, ಕ್ಯಾನ್ಸರಿನ ಸುಳಿವು ಹುಡುಕಲು ಕೊಲೊನೋಸ್ಕೋಪಿ ಶುರು ಮಾಡುತ್ತಾರೆ. ಮಗು ಬೇಕು ಅನ್ನುವವರು ಕಾಯಿಲೆ ತಣ್ಣಗಿರುವಾಗ ಬಸಿರಾಗುವುದು ಒಳ್ಳೆಯದು. ಮೆಥೊಟ್ರೆಕ್ಸೇಟ್ ತಗೊಳ್ಳುತ್ತಿದ್ದರೆ ತಿಂಗಳುಗಳ ಮುಂಚೆಯೇ ಡಾಕ್ಟರ ಜೊತೆ ಮಾತಾಡಿ ನಿಲ್ಲಿಸಬೇಕು. ಬೇರೆ ಹೆಚ್ಚಿನ ಔಷಧಿಗಳು ಮುಂದುವರಿಯುತ್ತವೆ, ಹೆದರಿ ನೀವೇ ಬಿಡಬೇಡಿ. ಕ್ರೋನ್ಸ್ ಇರುವವರು ಸಿಗರೇಟು ಸೇದುತ್ತಿದ್ದರೆ, ಅದನ್ನು ಬಿಡುವುದೂ ಚಿಕಿತ್ಸೆಯೇ.

ಮುಂದಿನ ಸಲ ಹೋದಾಗ ಒಂದು ಮಾತು ಕೇಳಿಕೊಂಡು ಬನ್ನಿ: ಕೆರಳಿದರೆ ಯಾರಿಗೆ ಫೋನ್ ಮಾಡಬೇಕು? ಕೆಲವು ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಐಬಿಡಿ ನರ್ಸ್ ಇರುತ್ತಾರೆ. ಇಲ್ಲದ ಕಡೆ ಯಾವ ನಂಬರು, ಯಾವ ಹೊತ್ತು ಅಂತ ಬರೆಸಿಕೊಳ್ಳಿ, ಆ ಚೀಟಿಯನ್ನು ಔಷಧಿ ಡಬ್ಬಿಯಲ್ಲೇ ಇಡಿ.

ನಮಸ್ಕಾರ.